ಹಡಗಿಳಿದು ಬಾಡಿಗೆ ಗಾಡಿಯಲ್ಲಿ ರೋಮ್: ಆರು ಗಂಟೆಯ ಲೆಕ್ಕ

ಕ್ರೂಸ್ ಕಂಪನಿಯ ಪಟ್ಟಿಯಲ್ಲಿ ‘ರೋಮ್’ ಎಂದು ಬರೆದಿರುತ್ತದೆ. ಹಡಗು ನಿಲ್ಲುವುದು ಮಾತ್ರ ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ. ಅಲ್ಲಿಂದ ರೋಮಿನ ನಡುಭಾಗಕ್ಕೆ ಸುಮಾರು 80 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಹೊರಟು ತುಮಕೂರು ದಾಟಿದಷ್ಟು. ಬೆಳಿಗ್ಗೆ 7ಕ್ಕೆ ಬಂದು ಸಂಜೆ 7ಕ್ಕೆ ಹೊರಡುವ ಹಡಗಾದರೆ ಹನ್ನೆರಡು ಗಂಟೆ ಕೈಯಲ್ಲಿದೆ ಎಂದುಕೊಂಡು ಕೊಲೋಸಿಯಮ್, ವ್ಯಾಟಿಕನ್ ಮ್ಯೂಸಿಯಂ, ಟ್ರೆವಿ ಕಾರಂಜಿ, ಶಾಪಿಂಗ್, ಕುಳಿತು ಊಟ ಎಂದು ಪಟ್ಟಿ ಮಾಡುವವರೇ ಹೆಚ್ಚು. ನಿಜಕ್ಕೂ ರೋಮಿನ ನೆಲದ ಮೇಲೆ ಸಿಗುವುದು ಆರು ಗಂಟೆ. ಅದನ್ನು ಒಪ್ಪಿಕೊಂಡು ಹೊರಟರೆ ಒಳ್ಳೆಯ ದಿನ. ಒಪ್ಪದೆ ಹೊರಟರೆ ಮಧ್ಯಾಹ್ನ ಮೂರರ ಹೊತ್ತಿಗೆ ಗಾಡಿಯೊಳಗೆ ಮನೆಮಂದಿಯ ಜಗಳ ಖಚಿತ.

ಲೆಕ್ಕವನ್ನು ಸಂಜೆಯಿಂದ ಹಿಂದಕ್ಕೆ ಹಾಕಿ. 19:00ಕ್ಕೆ ಹಡಗು ಹೊರಡುತ್ತದೆ ಎಂದರೆ ಎಲ್ಲರೂ ಹತ್ತಿರಬೇಕಾದ ಕೊನೆಯ ಹೊತ್ತು ಸಾಮಾನ್ಯವಾಗಿ 18:30. ಕೆಲವು ಕಂಪನಿಗಳು ಒಂದು ಗಂಟೆ ಮುಂಚೆ ಎನ್ನುತ್ತವೆ. ಹಿಂದಿನ ರಾತ್ರಿ ಕೋಣೆಗೆ ಬರುವ ಹಡಗಿನದೇ ದಿನಪತ್ರಿಕೆಯಲ್ಲಿ ಅದು ಅಚ್ಚಾಗಿರುತ್ತದೆ, ನಂಬಬೇಕಾದದ್ದು ಆ ಹೊತ್ತನ್ನೇ. ಅದಕ್ಕಿಂತ ಒಂದೂವರೆ ಗಂಟೆ ಮುಂಚೆ, 17:00ಕ್ಕೆ, ಬಂದರಿನಲ್ಲಿರಬೇಕು. ರಸ್ತೆಗೆ ಒಂದೂವರೆ ಗಂಟೆ ಬೇಕು, ಹಾಗಾಗಿ 15:30ಕ್ಕೆ ರೋಮ್ ಬಿಡಬೇಕು. ಇನ್ನು ಬೆಳಗಿನದು: 7:00ಕ್ಕೆ ಹಡಗು ಕಟ್ಟೆಗೆ ತಾಗಿದರೂ ಬಂದರಿನ ಅಧಿಕಾರಿಗಳು ಒಪ್ಪಿಗೆ ಕೊಟ್ಟು ಏಣಿ ತೆರೆಯುವ ಹೊತ್ತಿಗೆ ಅರ್ಧ ಮುಕ್ಕಾಲು ಗಂಟೆ ಕಳೆದಿರುತ್ತದೆ. ಮೊದಲು ಹಡಗಿನ ಸ್ವಂತ ಟೂರಿನವರನ್ನು ಇಳಿಸುವುದು ರೂಢಿ. 8:00ಕ್ಕೆ ಗಾಡಿ ಹತ್ತಿದರೆ 9:30ಕ್ಕೆ ರೋಮ್. 9:30ರಿಂದ 15:30, ಅಲ್ಲಿಗೆ ಆರು ಗಂಟೆ. ಶುಕ್ರವಾರವಾದರೆ ಅದರಲ್ಲೂ ಅರ್ಧ ಗಂಟೆ ಕಳೆಯಿರಿ. ಬೇಸಿಗೆಯಲ್ಲಿ ವಾರಾಂತ್ಯಕ್ಕೆ ರೋಮಿನವರೇ ಸಮುದ್ರದ ಕಡೆಗೆ ಹೊರಡುತ್ತಾರೆ, ಅದೂ ನೀವು ಹೋಗಬೇಕಾದ ದಿಕ್ಕಿಗೇ.

ಗಾಡಿ ಯಾರಿಗೆ ಬೇಕು, ಯಾರಿಗೆ ಬೇಡ

ಇರುವುದು ಮೂರು ದಾರಿ. ಹಡಗಿನವರ ಟೂರ್ ಬಸ್ಸಿನಲ್ಲಿ ನಲವತ್ತು ಐವತ್ತು ಜನರ ಜೊತೆ ಹೋಗಬೇಕು, ಪ್ರತಿ ನಿಲುಗಡೆಯಲ್ಲೂ ಕೊನೆಯವರು ಬರುವವರೆಗೆ ಕಾಯಬೇಕು. ಬಸ್ಸು ತಡವಾದರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆ ಅವರದೇ. ನೀವೇ ಗೊತ್ತುಮಾಡಿಕೊಂಡ ಗಾಡಿಗೆ ಈ ರಕ್ಷೆ ಇಲ್ಲ. ಬಾಡಿಗೆ ಗಾಡಿಯ ಅಪಾಯವೆಂದರೆ ಇದೊಂದೇ, ಆದರೆ ದೊಡ್ಡದು.

ರೈಲು ಎಲ್ಲಕ್ಕಿಂತ ಅಗ್ಗ. ಬಂದರಿನ ಶಟಲ್ ಬಸ್ಸು ಲಾರ್ಗೊ ದೆಲ್ಲಾ ಪಾಚೆ ಎಂಬ ನಿಲ್ದಾಣಕ್ಕೆ ಬಿಡುತ್ತದೆ, ಅಲ್ಲಿಂದ ಬಸ್ಸಿನಲ್ಲೋ ನಡೆದೋ ರೈಲ್ವೆ ಸ್ಟೇಷನ್ನಿಗೆ ಹೋಗಬೇಕು. ರೋಮಾ ಸಾನ್ ಪಿಯೆತ್ರೊ ಸ್ಟೇಷನ್ನಿಗೆ ಪ್ರಾದೇಶಿಕ ರೈಲು ಒಂದು ಗಂಟೆಯೊಳಗೆ ಮುಟ್ಟುತ್ತದೆ, ಊರಿನ ಮುಖ್ಯ ಸ್ಟೇಷನ್ನಾದ ಟೆರ್ಮಿನಿಗೆ ಇನ್ನೂ ಸ್ವಲ್ಪ ಹೆಚ್ಚು. ಗಟ್ಟಿಮುಟ್ಟಾದ ಗಂಡ ಹೆಂಡತಿ ಇಬ್ಬರೇ ಆದರೆ ರೈಲಿಗೇ ಹೋಗಿ, ಗಾಡಿಗೆ ದುಡ್ಡು ಸುರಿಯಬೇಡಿ. ಕಾಗದದ ಟಿಕೆಟ್ಟಾದರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸುವುದನ್ನು ಮರೆಯಬೇಡಿ. ಮರೆತರೆ ಟಿಕೆಟ್ ಇದ್ದೂ ದಂಡ.

ಗಾಡಿ ಲಾಭವಾಗುವುದು ಐದರಿಂದ ಎಂಟು ಜನರಿದ್ದಾಗ, ಅಪ್ಪ ಅಮ್ಮನಿಗೆ ಮಂಡಿನೋವಿದ್ದಾಗ, ಜೊತೆಗೆ ಚಿಕ್ಕ ಮಗುವಿದ್ದಾಗ. ವ್ಯಾನಿನಲ್ಲಿ ಡ್ರೈವರ್ ಬಿಟ್ಟು ಎಂಟೇ ಸೀಟು. ಯುರೋಪಿನ ಸಾಮಾನ್ಯ ಕಾರಿನ ಲೈಸೆನ್ಸಿಗೆ ಡ್ರೈವರ್ ಸೇರಿ ಒಂಬತ್ತು ಸೀಟಿನವರೆಗೆ ಮಾತ್ರ ಓಡಿಸಲು ಅವಕಾಶ. ಹಾಗಾಗಿ ಒಂಬತ್ತನೆಯವರು ಬಂದರೆ ‘ಅಡ್ಜಸ್ಟ್ ಮಾಡಿ’ ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ, ಮಿನಿಬಸ್ಸೇ ಬೇಕು, ಬಾಡಿಗೆಯೂ ಒಮ್ಮೆಲೇ ಏರುತ್ತದೆ. ದರ ಹೋಲಿಸುವಾಗ ಗಾಡಿಯ ಮೊತ್ತವನ್ನು ತಲೆಗೆ ಹಂಚಿ ನೋಡಿ. 640 ಯೂರೋ ಹೇಳಿದರೆಂದುಕೊಳ್ಳಿ, ಎಂಟು ಜನಕ್ಕೆ ತಲೆಗೆ 80 ಆಯಿತು, ನಾಲ್ವರಿಗಾದರೆ 160. ಹಡಗಿನ ಟೂರಿನ ದರದ ಪಕ್ಕ ಇದನ್ನಿಟ್ಟರೆ ಉತ್ತರ ತಾನೇ ಕಾಣುತ್ತದೆ. ಬೇರೆ ಕುಟುಂಬವನ್ನು ಜೊತೆಗೆ ಸೇರಿಸಿಕೊಳ್ಳುವುದಾದರೆ, ಒಬ್ಬರು ಕೊನೆಗಳಿಗೆಯಲ್ಲಿ ಕೈಕೊಟ್ಟರೆ ಅವರ ಪಾಲು ಯಾರದು ಎಂಬುದನ್ನು ಊರಲ್ಲಿರುವಾಗಲೇ ಮಾತಾಡಿಕೊಳ್ಳಿ. ಹಡಗಿನ ಮೇಲೆ ಆ ಮಾತು ತೆಗೆಯುವುದು ಕಷ್ಟ.

ಗಾಡಿ ಗೊತ್ತುಮಾಡುವಾಗ

ಇಟಲಿಯಲ್ಲಿ ಡ್ರೈವರ್ ಸಮೇತ ಬಾಡಿಗೆ ಗಾಡಿಗೆ ಪ್ರತ್ಯೇಕ ಪರವಾನಗಿ ಇದೆ. ಅದನ್ನು ‘ಎನ್‌ಸಿಸಿ’ ಎನ್ನುತ್ತಾರೆ. ಆ ಪರವಾನಗಿ ಇದೆಯೇ ಎಂದು ನೇರವಾಗಿ ಕೇಳಿ. ರೋಮಿನ ಹಳೇ ಪೇಟೆಗೆ ಹೊರಗಿನ ಖಾಸಗಿ ವಾಹನ ಬಿಡದ ವಲಯವಿದೆ. ಅನುಮತಿ ಇರುವ ಗಾಡಿ ಮಾತ್ರ ನಿಮ್ಮನ್ನು ಪ್ಯಾಂಥಿಯನ್ ಎಂಬ ಪುರಾತನ ದೇಗುಲದ ಹತ್ತಿರಕ್ಕೆ ಬಿಡಬಲ್ಲದು. ಬಂದರಿನ ಗೇಟಿನಲ್ಲಿ ‘ರೋಮಾ? ರೋಮಾ?’ ಎಂದು ಕರೆಯುವವರ ಗಾಡಿ ಹತ್ತಿದರೆ ಆ ಅನುಮತಿಯೂ ಇರಲಿಕ್ಕಿಲ್ಲ, ಸಂಜೆ ತಡವಾದಾಗ ಕೇಳಲು ಯಾರೂ ಇರುವುದಿಲ್ಲ.

ಮೊದಲ ಪತ್ರದಲ್ಲೇ ಎಲ್ಲವನ್ನೂ ಬರೆಯಿರಿ. ಹಡಗಿನ ಹೆಸರು, ತಾರೀಕು, ಬರುವ ಹೊರಡುವ ಹೊತ್ತು, ಒಟ್ಟು ಜನ, ಎಪ್ಪತ್ತು ದಾಟಿದವರು ಎಷ್ಟು, ಮಕ್ಕಳ ವಯಸ್ಸು ಎತ್ತರ, ಮಡಚುವ ಗಾಲಿಕುರ್ಚಿ ಇದೆಯೇ, ಯಾವ ಜಾಗಗಳ ಒಳಗೆ ಹೋಗಬೇಕು, ಯಾವುದನ್ನು ಹೊರಗಿನಿಂದ ನೋಡಿದರೆ ಸಾಕು. ಇಟಲಿಯಲ್ಲಿ 150 ಸೆಂಟಿಮೀಟರಿಗಿಂತ ಕುಳ್ಳಗಿನ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಬೇಕೆಂಬ ನಿಯಮವಿದೆ. ಬಾಡಿಗೆ ಗಾಡಿಗೆ ಕೆಲವು ವಿನಾಯಿತಿಗಳಿದ್ದರೂ ಹೆದ್ದಾರಿಯ 80 ಕಿಲೋಮೀಟರ್ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವುದು ಬೇಡ. ಸೀಟು ಮೊದಲೇ ಹೇಳಿಡಿ.

ಉತ್ತರದಲ್ಲಿ ಇವು ಬರಹದಲ್ಲಿ ಬರಬೇಕು: ಒಟ್ಟು ಎಷ್ಟು ಗಂಟೆ, ಮೀರಿದರೆ ಗಂಟೆಗೆ ಎಷ್ಟು, ಟೋಲ್ ಮತ್ತು ಪಾರ್ಕಿಂಗ್ ಸೇರಿದೆಯೇ, ಹಡಗಿನ ಬುಡಕ್ಕೇ ಬರುತ್ತಾರೋ ಅಥವಾ ಲಾರ್ಗೊ ದೆಲ್ಲಾ ಪಾಚೆಯಲ್ಲಿ ಕಾಯುತ್ತಾರೋ, ದುಡ್ಡು ಕಾರ್ಡಿನಲ್ಲೋ ನಗದಿನಲ್ಲೋ. ಎಲ್ಲಕ್ಕಿಂತ ಮುಖ್ಯ, ಹವಾಮಾನ ಕೆಟ್ಟು ಹಡಗು ಬಂದರಿಗೆ ಬರದೇ ಹೋದರೆ ಒಂದು ಪೈಸೆಯೂ ಕೊಡಬೇಕಾಗಿಲ್ಲ ಎಂಬ ಸಾಲು. ಬಂದರು ಬದಲಿಸುವ ಹಕ್ಕು ಕ್ಯಾಪ್ಟನ್ನಿಗೆ ಯಾವಾಗಲೂ ಇದೆ. ಹಡಗಿನವರೊಂದಿಗೆ ನಿತ್ಯ ವ್ಯವಹರಿಸುವ ಗಾಡಿಯವರು ಈ ಸಾಲನ್ನು ಕೇಳದೆಯೇ ಬರೆಯುತ್ತಾರೆ. ಕೇಳಿದರೂ ಬರೆಯದವರನ್ನು ಬಿಟ್ಟುಬಿಡಿ. ಪೂರ್ತಿ ಮುಂಗಡ ಕೇಳುವವರನ್ನೂ ಅಷ್ಟೇ.

ಡ್ರೈವರ್ ಬೇರೆ, ಗೈಡ್ ಬೇರೆ. ಇಂಗ್ಲಿಷ್ ಬಲ್ಲ ಡ್ರೈವರ್ ಗಾಡಿಯೊಳಗೆ ನಾಲ್ಕು ಮಾತು ಹೇಳಬಹುದು, ಆದರೆ ಕೊಲೋಸಿಯಮ್ ಒಳಗೆ ನಿಂತು ವಿವರಿಸಲು ಇಟಲಿಯಲ್ಲಿ ಗೈಡ್ ಪರವಾನಗಿ ಬೇಕು. ಡ್ರೈವರ್ ನಿಮ್ಮನ್ನು ಇಳಿಸಿ, ಗಾಡಿ ಬೇರೆ ಕಡೆ ನಿಲ್ಲಿಸಿ, ಫೋನ್ ಮಾಡಿದಾಗ ಬರುತ್ತಾನೆ. ಇಡೀ ದಿನಕ್ಕೆ ಗೈಡ್ ತೆಗೆದುಕೊಳ್ಳುವ ಬದಲು ಒಂದೇ ಜಾಗಕ್ಕೆ, ಕೊಲೋಸಿಯಮ್ ಮತ್ತು ಪಕ್ಕದಲ್ಲೇ ಇರುವ ಹಳೇ ರೋಮಿನ ಅವಶೇಷಗಳ ಬಯಲು ಫೋರಮ್ಮಿಗೆ ಎರಡು ಗಂಟೆ ಮಾತ್ರ, ತೆಗೆದುಕೊಳ್ಳುವುದು ಜಾಣತನ. ಟ್ರೆವಿಗೆ ಗೈಡ್ ಬೇಡ. ಫೋರಮ್ಮಿನಲ್ಲಿ ಮಾತ್ರ ಗೈಡ್ ಇಲ್ಲದಿದ್ದರೆ ಕಾಣುವುದು ಮುರಿದ ಕಂಬಗಳಷ್ಟೇ.

ಟಿಕೆಟ್, ಹೆಸರು, ಪಾಸ್‌ಪೋರ್ಟ್

ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ಕೊಲೋಸಿಯಮ್ ಟಿಕೆಟ್ಟಿನ ಮೇಲೆ ಹೆಸರಿರುತ್ತದೆ, ಬಾಗಿಲಲ್ಲಿ ಗುರುತಿನ ಚೀಟಿ ತಾಳೆ ನೋಡುತ್ತಾರೆ. ಊರಿನಲ್ಲಿ ಇನಿಷಿಯಲ್ ಹಾಕಿ ಬರೆಯುವ ಅಭ್ಯಾಸ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೂ ಊರಿನ ಹೆಸರೂ ಬಿಡಿಸಿ ಬರೆದದ್ದು, ಕೆಲವರಿಗೆ ಮನೆತನದ ಹೆಸರಿನ ಜಾಗವೇ ಖಾಲಿ. ಟಿಕೆಟ್ ಕೊಳ್ಳುವವರು ಮೊಮ್ಮಕ್ಕಳೇ ಆಗಲಿ, ಏಜೆಂಟರೇ ಆಗಲಿ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅದೇ ಅಕ್ಷರ ಅದೇ ಕ್ರಮದಲ್ಲಿ ಹೆಸರು ತುಂಬಲಿ. ಖಾಲಿ ಇದ್ದರೆ ಹೆಸರನ್ನೇ ಎರಡೂ ಕಡೆ ಬರೆದರೆ ಸಾಕು.

ಸಾಮಾನ್ಯ ಟಿಕೆಟ್ 18 ಯೂರೋ, ಅದರಲ್ಲೇ ಫೋರಮ್ ಮತ್ತು ಪ್ಯಾಲಟೈನ್ ಗುಡ್ಡವೂ ಸೇರಿದೆ. ಹದಿನೆಂಟರೊಳಗಿನ ಮಕ್ಕಳಿಗೆ ಉಚಿತ, ಆದರೂ ಅವರ ಹೆಸರಿನ ಟಿಕೆಟ್ ಬೇಕೇ ಬೇಕು. ಅಧಿಕೃತ ತಾಣದಲ್ಲಿ ಸಾಮಾನ್ಯವಾಗಿ 30 ದಿನ ಮುಂಚೆ ಮಾರಾಟ ತೆರೆಯುತ್ತದೆ, ಬೇಸಿಗೆಯಲ್ಲಿ ಬೆಳಗಿನ ಹೊತ್ತುಗಳು ಬೇಗ ಮುಗಿಯುತ್ತವೆ. 10:00ರ ಹೊತ್ತು ಸಿಕ್ಕಿತೆಂದು ಹಿಗ್ಗಬೇಡಿ, 10:30ರದ್ದನ್ನೋ 10:45ರದ್ದನ್ನೋ ಹಿಡಿಯಿರಿ. ಹಡಗು ಅರ್ಧ ಗಂಟೆ ತಡವಾದರೆ 10:00ರ ಟಿಕೆಟ್ ಹೋಯಿತೆಂದೇ ಲೆಕ್ಕ, ದುಡ್ಡೂ ವಾಪಸ್ ಬರುವುದಿಲ್ಲ.

ವ್ಯಾಟಿಕನ್ ಮ್ಯೂಸಿಯಂಗೆ ಮೂರು ಗಂಟೆಗಿಂತ ಕಡಿಮೆ ಇಟ್ಟರೆ ಅದು ಓಟ. ಚಾವಣಿಯ ಚಿತ್ರಗಳಿಗೆ ಹೆಸರಾದ ಸಿಸ್ಟೀನ್ ಚಾಪೆಲ್ ಬರುವುದು ಉದ್ದದ ಪಡಸಾಲೆಗಳನ್ನೆಲ್ಲ ದಾಟಿದ ಮೇಲೆ. ಆರು ಗಂಟೆಯಲ್ಲಿ ಮ್ಯೂಸಿಯಂ ಮತ್ತು ಕೊಲೋಸಿಯಮ್ ಎರಡರ ಒಳಗೂ ಹೋಗುವ ಆಸೆ ಬಿಡಿ. ಒಂದನ್ನು ಆರಿಸಿ. ಚಿತ್ರಕಲೆಯಲ್ಲಿ ನಿಜವಾದ ಆಸಕ್ತಿ ಇದ್ದರೆ ಮ್ಯೂಸಿಯಂ, ಮಕ್ಕಳೂ ಹಿರಿಯರೂ ಜೊತೆಗಿದ್ದರೆ ಕೊಲೋಸಿಯಮ್. ಅಲ್ಲಿ ಮೇಲಂತಸ್ತಿಗೆ ಲಿಫ್ಟ್ ಕೂಡ ಇದೆ.

ತಾರೀಕು ನೋಡಿಕೊಳ್ಳಿ. ಭಾನುವಾರ ವ್ಯಾಟಿಕನ್ ಮ್ಯೂಸಿಯಂ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಮಾತ್ರ ಅರ್ಧ ದಿನ ಉಚಿತವಾಗಿ ತೆರೆಯುತ್ತದೆ, ಆ ಜನಜಾತ್ರೆ ಹಡಗಿನವರಿಗಲ್ಲ. ಜೂನ್ 29 ಮತ್ತು ಆಗಸ್ಟ್ 15 ಕೂಡ ಅಲ್ಲಿ ರಜೆ. ಪೋಪ್ ಊರಲ್ಲಿದ್ದರೆ ಬುಧವಾರ ಬೆಳಿಗ್ಗೆ ಸಾರ್ವಜನಿಕ ದರ್ಶನ ಕೊಡುತ್ತಾರೆ, ಅದು ಮುಗಿಯುವವರೆಗೆ ವ್ಯಾಟಿಕನ್ನಿನ ದೊಡ್ಡ ಇಗರ್ಜಿ ಸೇಂಟ್ ಪೀಟರ್ಸ್ ಒಳಗೆ ಬಿಡುವುದಿಲ್ಲ. ಜೂನ್ 2 ಇಟಲಿಯ ಗಣರಾಜ್ಯ ದಿನ, ಕೊಲೋಸಿಯಮ್ ಎದುರಿನ ರಸ್ತೆಯಲ್ಲೇ ಪಥಸಂಚಲನ, ಗಾಡಿ ಹತ್ತಿರ ಸುಳಿಯುವುದಿಲ್ಲ. ತಿಂಗಳ ಮೊದಲ ಭಾನುವಾರ ಸರ್ಕಾರಿ ಸ್ಮಾರಕಗಳು ಉಚಿತ, ಹಾಗಾಗಿ ಸಾಲು ಎರಡು ಪಟ್ಟು.

ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ, ಅಂದರೆ ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ, ಬೇಕು. ಹಡಗಿನ ದಾರಿಯಲ್ಲಿ ಟರ್ಕಿಯೋ ಟ್ಯುನೀಷಿಯಾವೋ ಇದ್ದರೆ ಹಲವು ಬಾರಿ ಒಳಬರುವ ವೀಸಾವೇ ಆಗಬೇಕು, ಒಮ್ಮೆ ಮಾತ್ರದ ವೀಸಾದಲ್ಲಿ ಷೆಂಗೆನ್ ಬಿಟ್ಟು ಹೊರಹೋದರೆ ಮತ್ತೆ ಇಳಿಯುವಂತಿಲ್ಲ. ಕೆಲವು ಕಂಪನಿಗಳು ಹತ್ತಿದ ದಿನವೇ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತವೆ. ಹಿಂದಿನ ದಿನವೇ ಕೌಂಟರಿಗೆ ಹೋಗಿ ವಿಚಾರಿಸಿ. ಕೊಡದಿದ್ದರೆ ಫೋಟೋ ಪುಟ ಮತ್ತು ವೀಸಾ ಪುಟದ ಬಣ್ಣದ ಪ್ರತಿ, ಫೋಟೋ ಇರುವ ಇನ್ನೊಂದು ಅಸಲು ಗುರುತಿನ ಚೀಟಿ, ಹಡಗಿನ ಕಾರ್ಡ್, ಇವು ಮೂರೂ ಜೇಬಿನಲ್ಲಿರಲಿ.

ಯಾವುದು ಮೊದಲು

ಬಂದರು ರೋಮಿನ ವಾಯುವ್ಯಕ್ಕಿದೆ. ವ್ಯಾಟಿಕನ್ ಊರಿನ ಪಶ್ಚಿಮ ಅಂಚಿನಲ್ಲಿ, ಅಂದರೆ ನೀವು ಬರುವ ಹೋಗುವ ಬದಿಯಲ್ಲಿ. ಕೊಲೋಸಿಯಮ್ ಆಚೆ ಬದಿಗೆ. ಹಾಗಾಗಿ ದೂರದ್ದಕ್ಕೆ ಮೊದಲು ಹೋಗಿ, ದಿನ ಕಳೆದಂತೆ ಬಂದರಿನ ಕಡೆಗೆ ಸರಿಯುತ್ತ ಬನ್ನಿ. 9:30ಕ್ಕೆ ಊರು ಸೇರುವಾಗ ಜಾನಿಕೊಲೊ ಗುಡ್ಡದ ಮೇಲೆ ಹತ್ತು ನಿಮಿಷ ನಿಂತರೆ ಇಡೀ ರೋಮ್ ಕಾಲಡಿಗೆ ಹರಡುತ್ತದೆ. 10:30ಕ್ಕೆ ಕೊಲೋಸಿಯಮ್, ಒಳಗೆ ಒಂದೂಕಾಲು ಗಂಟೆ. ಫೋರಮ್ ಕೂಡ ನಡೆಯುವುದಾದರೆ ಇನ್ನೊಂದು ಗಂಟೆ, ಮಂಡಿನೋವಿನವರಿಗೆ ಅದು ಬೇಡ, ಮೇಲಿನ ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತದೆ. ನಂತರ ಟ್ರೆವಿ ಹತ್ತಿರ ಇಳಿದು, ಪ್ಯಾಂಥಿಯನ್‌ವರೆಗೆ ಗಲ್ಲಿಗಳಲ್ಲಿ ಹತ್ತು ಹದಿನೈದು ನಿಮಿಷದ ನಡಿಗೆ. ಪ್ಯಾಂಥಿಯನ್ನಿಗೆ 2023ರ ಜುಲೈಯಿಂದ 5 ಯೂರೋ ಟಿಕೆಟ್ ಇದೆ. ಅಲ್ಲೇ ಊಟ ಮುಗಿಸಿ 14:00ಕ್ಕೆ ಸೇಂಟ್ ಪೀಟರ್ಸ್.

ಸೇಂಟ್ ಪೀಟರ್ಸನ್ನು ಕೊನೆಗಿಡುವುದರಲ್ಲಿ ಒಂದು ಲಾಭ, ಒಂದು ನಷ್ಟ. ಒಳಗೆ ಹೋಗಲು ದುಡ್ಡಿಲ್ಲ, ಆದರೆ ತಪಾಸಣೆಯ ಸಾಲು ಹದಿನೈದು ನಿಮಿಷವೂ ಆಗಬಹುದು, ಒಂದೂವರೆ ಗಂಟೆಯೂ ಆಗಬಹುದು. ಹೊತ್ತು ಮೀರಿದ್ದರೆ ಚೌಕದಲ್ಲಿ ನಿಂತು ನೋಡಿ ಗಾಡಿ ಹತ್ತಬಹುದು, ಕಳೆದದ್ದು ಟಿಕೆಟ್ ಅಲ್ಲ, ಇದು ಲಾಭ. ಆದರೆ ಜೊತೆಯಲ್ಲಿರುವ ಅಮ್ಮನಿಗೋ ಅತ್ತೆಗೋ ಅದೇ ಮುಖ್ಯವಾಗಿದ್ದರೆ ಈ ಕ್ರಮ ಬೇಡ. ಅದನ್ನೇ ಮೊದಲು ಮಾಡಿ, ಕೊಲೋಸಿಯಮ್ ಹೊರಗಿನಿಂದ ನೋಡಿ. ಗುಮ್ಮಟ ಹತ್ತುವ ಯೋಚನೆ ಮಾತ್ರ ಬೇಡ, ಒಟ್ಟು 551 ಮೆಟ್ಟಿಲು, ಲಿಫ್ಟ್ ಹತ್ತಿದರೂ ಇನ್ನೂ 320 ಉಳಿಯುತ್ತವೆ. ಇಗರ್ಜಿಯೊಳಗೆ ಹೆಗಲು ಮತ್ತು ಮೊಣಕಾಲು ಮುಚ್ಚಿರಬೇಕು. ಸೀರೆ, ಚೂಡಿದಾರ್ ಉಟ್ಟುತೊಟ್ಟವರಿಗೆ ಚಿಂತೆಯಿಲ್ಲ, ಬಾಗಿಲಲ್ಲಿ ತಡೆಯುವುದು ಚಡ್ಡಿ ಹಾಕಿದ ಗಂಡಸರನ್ನು, ತೋಳಿಲ್ಲದ ಅಂಗಿಯ ಹುಡುಗಿಯರನ್ನು. ಒಂದು ಶಾಲು ಗಾಡಿಯಲ್ಲಿರಲಿ.

ರೋಮಿನ ಹಳೇ ಬೀದಿಗಳಿಗೆ ಹಾಸಿರುವುದು ಕರಿಗಲ್ಲಿನ ಸಣ್ಣ ಚೌಕಗಳು. ಗಾಲಿಕುರ್ಚಿ ಅವುಗಳ ಮೇಲೆ ಕುಣಿಯುತ್ತದೆ, ತೆಳು ಅಟ್ಟೆಯ ಚಪ್ಪಲಿಯಲ್ಲಿ ಮಧ್ಯಾಹ್ನದೊಳಗೆ ಹಿಮ್ಮಡಿ ನೋಯುತ್ತದೆ. ನೀರಿನ ಬಾಟಲಿ ಕೊಳ್ಳಬೇಡಿ, ಬೀದಿಬೀದಿಯಲ್ಲೂ ಸದಾ ಹರಿಯುವ ಕಬ್ಬಿಣದ ನಲ್ಲಿಗಳಿವೆ, ಕುಡಿಯುವ ನೀರೇ. ಶೌಚಾಲಯಕ್ಕೆ ಕಾಫಿ ಬಾರ್‌ಗಳೇ ಗತಿ. ಕೌಂಟರಿನಲ್ಲಿ ನಿಂತು ಒಂದು ಕಾಫಿ ಕುಡಿದರೆ ಕೇಳಲು ಸಂಕೋಚವಿಲ್ಲ, ಕೂತರೆ ಅದೇ ಕಾಫಿಗೆ ಬೆಲೆ ಹೆಚ್ಚು. ಸ್ಪ್ಯಾನಿಷ್ ಮೆಟ್ಟಿಲ ಮೇಲೆ ಕೂರುವಂತಿಲ್ಲ, 2019ರಿಂದ ದಂಡ ಹಾಕುತ್ತಿದ್ದಾರೆ. ಟ್ರೆವಿಯ ನೂಕುನುಗ್ಗಲಿನಲ್ಲಿ ಪರ್ಸು ಮುಂದಿನ ಜೇಬಿನಲ್ಲಿರಲಿ.

ಊಟಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಇಡಬೇಡಿ, ಕುಳಿತು ಬಡಿಸಿಕೊಳ್ಳುವ ಹೋಟೆಲಿನಲ್ಲಿ ಅದು ಸಾಲುವುದಿಲ್ಲ. ತುಂಡು ಕತ್ತರಿಸಿ ತೂಗಿಕೊಡುವ ಪಿಜ್ಜಾ ಅಂಗಡಿಗಳು ಹೆಜ್ಜೆಗೊಂದಿವೆ. ಸಸ್ಯಾಹಾರಿಗಳಿಗೆ ಮಾರಿನಾರಾ ಎಂಬ ಪಿಜ್ಜಾ ಕ್ಷೇಮ, ಟೊಮೇಟೊ ಬೆಳ್ಳುಳ್ಳಿ ಎಣ್ಣೆ ಅಷ್ಟೇ, ಚೀಸ್ ಕೂಡ ಇಲ್ಲ. ‘ನಾಪೊಲೆತಾನಾ’ ಎಂದಿದ್ದರೆ ರೋಮಿನಲ್ಲಿ ಅದರ ಮೇಲೆ ಮೀನಿರುತ್ತದೆ. ಸುಪ್ಲಿ ಎಂಬ ಕರಿದ ಅನ್ನದ ಉಂಡೆ ನಮ್ಮ ಬೋಂಡದ ಹಾಗೆ ಕಂಡರೂ ಒಳಗೆ ಮಾಂಸದ ಸಾಸ್ ಇರುವುದು ಸಾಮಾನ್ಯ. ರೋಮಿನವರು ಪಾಸ್ತಾಗೆ ತುರಿಯುವ ಪೆಕೊರಿನೊ ಚೀಸನ್ನು ಕುರಿಮರಿಯ ಜಠರದ ಹೆಪ್ಪು ಹಾಕಿ ಮಾಡುತ್ತಾರೆ, ಕಟ್ಟುನಿಟ್ಟಿನವರು ತಿಳಿದಿರಲಿ. ‘ಸೆಂಜಾ ಕಾರ್ನೆ, ಸೆಂಜಾ ಪೇಷೆ’ ಎಂದರೆ ಮಾಂಸ ಬೇಡ, ಮೀನು ಬೇಡ.

ತಪ್ಪುವುದು ಎಲ್ಲಿ

ಗಡಿಯಾರದಲ್ಲಿ ಮೊದಲು. ಗ್ರೀಸಿನ ಹೊತ್ತು ಇಟಲಿಗಿಂತ ಒಂದು ಗಂಟೆ ಮುಂದೆ. ಗ್ರೀಸಿನಿಂದ ಬರುವ ಹಡಗು ರಾತ್ರಿ ಗಡಿಯಾರ ತಿರುಗಿಸಿತೋ ಇಲ್ಲವೋ ಎಂದು ಹಡಗಿನ ಗಡಿಯಾರವನ್ನೇ ನೋಡಿ ಖಾತ್ರಿ ಮಾಡಿಕೊಳ್ಳಿ, ಡ್ರೈವರಿಗೂ ಅದೇ ಹೊತ್ತನ್ನು ತಿಳಿಸಿ. ಹಡಗಿನಲ್ಲಿರುವಷ್ಟು ಹೊತ್ತು ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ, ಸಮುದ್ರದ ಮೇಲಿನ ನೆಟ್‌ವರ್ಕ್ ಹಿಡಿದರೆ ಬಿಲ್ಲು ನೋಡಿ ತಲೆತಿರುಗುತ್ತದೆ.

ಹೊರಡುವ ಮುನ್ನ ಹಡಗಿನ ಆ ದಿನಪತ್ರಿಕೆಯಲ್ಲಿ ಬಂದರಿನ ಏಜೆಂಟರ, ಅಂದರೆ ಅಲ್ಲಿ ಹಡಗಿನ ಪರವಾಗಿ ಕೆಲಸ ನೋಡುವವರ, ಫೋನ್ ನಂಬರ್ ಇರುವ ಪುಟವನ್ನು ಫೋಟೋ ತೆಗೆದುಕೊಳ್ಳಿ. ತಡವಾಗುವ ಸುಳಿವು ಸಿಕ್ಕೊಡನೆ ಅಲ್ಲಿಗೆ ಫೋನ್ ಮಾಡಿ. ಹತ್ತು ನಿಮಿಷದ ಮಾತಾದರೆ ಕೆಲವೊಮ್ಮೆ ಕಾಯುತ್ತಾರೆ, ಕಾಯಲೇಬೇಕೆಂದಿಲ್ಲ. ಗಾಡಿ ಕೆಟ್ಟರೆ, ಹೆದ್ದಾರಿ ಮುಚ್ಚಿದರೆ ರೈಲಿದೆ. ಸೇಂಟ್ ಪೀಟರ್ಸ್ ಚೌಕದಿಂದ ಸಾನ್ ಪಿಯೆತ್ರೊ ಸ್ಟೇಷನ್ನಿಗೆ ಹದಿನೈದು ನಿಮಿಷದ ನಡಿಗೆ. ದಿನದ ಕೊನೆಯ ನಿಲುಗಡೆಯಾಗಿ ಆ ಜಾಗವನ್ನು ಇಟ್ಟುಕೊಳ್ಳಲು ಇದೂ ಒಂದು ಕಾರಣ. ರೈಲು ಮುಷ್ಕರದ ದಿನ ಮಾತ್ರ ಇದನ್ನು ನಂಬಬೇಡಿ. ಮುಷ್ಕರದಲ್ಲೂ ವಾರದ ದಿನಗಳಲ್ಲಿ 6ರಿಂದ 9 ಮತ್ತು 18ರಿಂದ 21 ಗಂಟೆಯವರೆಗೆ ಪ್ರಾದೇಶಿಕ ರೈಲು ಓಡಿಸಬೇಕೆಂಬ ನಿಯಮವಿದೆ, ಆದರೆ ನಿಮಗೆ ಬೇಕಾದದ್ದು 16ರ ರೈಲು. ಹಡಗು ಹೋಗಿಯೇಬಿಟ್ಟರೆ ಪಾಸ್‌ಪೋರ್ಟ್ ಏಜೆಂಟರ ಕೈಯಲ್ಲಿದೆಯೇ ಎಂದು ಮೊದಲು ಕೇಳಿ. ಅದು ಸಿಕ್ಕ ಮೇಲೆ ಮುಂದಿನ ಬಂದರಿಗೆ ರೈಲೋ ವಿಮಾನವೋ, ಖರ್ಚು ನಿಮ್ಮದೇ. ಪ್ರವಾಸದ ಇನ್ಶೂರೆನ್ಸಿನಲ್ಲಿ ಹಡಗು ತಪ್ಪಿದ್ದಕ್ಕೆ ಪರಿಹಾರ ಇದೆಯೇ ಎಂದು ಕೊಳ್ಳುವಾಗಲೇ ಓದಿಕೊಳ್ಳಿ.

ರೋಮ್ ಮೊದಲೇ ನೋಡಿದವರು ಅದೇ ಗಾಡಿಯನ್ನು ಅರ್ಧ ದಿನಕ್ಕೆ ಹಿಡಿದು ತಾರ್ಕ್ವೀನಿಯಾಕ್ಕೆ ಹೋಗಬಹುದು. ಬಂದರಿನಿಂದ 20 ಕಿಲೋಮೀಟರ್ ಆಸುಪಾಸು, ರೋಮನ್ನರಿಗಿಂತ ಹಿಂದಿನ ಎಟ್ರಸ್ಕನ್ನರು ನೆಲದಡಿಯ ಗೋರಿಗಳ ಗೋಡೆಗೆ ಬರೆದ ಬಣ್ಣದ ಚಿತ್ರಗಳು ಅಲ್ಲಿವೆ, 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಗೋರಿಗೆ ಇಳಿಯಲು ಕಡಿದಾದ ಮೆಟ್ಟಿಲಿವೆ, ಆದರೆ ಸಾಲಿಲ್ಲ, ನೂಕಾಟವಿಲ್ಲ, ಮಧ್ಯಾಹ್ನದ ಊಟಕ್ಕೆ ಹಡಗಿಗೇ ವಾಪಸ್. ಇನ್ನು ಚಿವಿತಾವೆಕ್ಕಿಯಾದಲ್ಲೇ ಕ್ರೂಸ್ ಮುಗಿದು ಇಳಿಯುವವರಾಗಿದ್ದರೆ, ಸಾಮಾನು ಗಾಡಿಗೇ ಹಾಕಿ ರೋಮ್ ನೋಡಿ, ಸಂಜೆ ಫ್ಯೂಮಿಚಿನೊ ವಿಮಾನ ನಿಲ್ದಾಣಕ್ಕೆ ಬಿಡುವಂತೆ ಮಾತಾಡಿಕೊಳ್ಳಿ. ಆಗ ಎಂಟು ಸೀಟಿನ ವ್ಯಾನಿಗೆ ಐದಾರು ಜನಕ್ಕಿಂತ ಹೆಚ್ಚು ಬೇಡ, ಉಳಿದ ಜಾಗ ಸೂಟ್‌ಕೇಸುಗಳಿಗೇ ಬೇಕು.